ಮೊದಲು ಆಪರೇಷನ್ನೋ, ಮೊದಲು ಕಿಮೋನೋ?

ಮನಿ ಮಾತು, ಭಾಗ 6

ನಿನ್ನೆ ಸ್ಟೋರಿಯೊಳಗ ಪೋಲ್ ಹಾಕಿದ್ದೆ: ಸ್ತನ ಕ್ಯಾನ್ಸರ್ ಅಂತ ಗೊತ್ತಾದ್ರ ಮೊದಲು ಆಪರೇಷನ್ನೋ, ಕಿಮೋನೋ? ನಿಮ್ಮೊಳಗ ಭಾಳ ಮಂದಿ ಆಪರೇಷನ್ ಒತ್ತೀರಿ. ಬೈಯಾಕತ್ತಿಲ್ಲ. ನಮ್ಮನಿಯವರೂ ಅದನ್ನ ಹೇಳಿದ್ರು.

ನಮ್ಮ ಕಾಕು ಖಾನಾಪುರದಾಗ ಇರ್ತಾರ. ಬಯಾಪ್ಸಿ ರಿಪೋರ್ಟ್ ನೋಡಿ ಬೆಳಗಾವಿ ಡಾಕ್ಟರ್ "ಮೊದಲು ಕಿಮೋ, ಆಮ್ಯಾಲೆ ಆಪರೇಷನ್" ಅಂದ್ರು. ಮನ್ಯಾಗ ಗದ್ದಲ ಸುರು. "ಗಂಟು ಒಳಗ ಇಟ್ಕೊಂಡು ಏನ್ ಔಷಧ? ಮೊದಲು ಕೊಯ್ದು ತಗೀಲಿ." "ಕೈ ಮೀರೈತಿ, ಅದಕ್ಕ ಹಂಗ ಅಂದಾರ." ಈ ವಾದದಾಗ ಮೂರು ವಾರ ಹೋತು. ಕಾಕೂನ ಯಾರೂ ಕೇಳಲಿಲ್ಲ. ಅವರು ಬಂದವರಿಗೆಲ್ಲಾ ಚಹಾ ಮಾಡಿ ಕೊಡ್ತಿದ್ರು.

ನಾನು ಬಿಕಾಂ ಹುಡುಗಿ, ಡಾಕ್ಟರ್ ಅಲ್ಲ. ಆದ್ರ ಓದಿ ತಿಳ್ಕೊಂಡಿದ್ದು ಇಷ್ಟು. 1983ರಿಂದ 2002ರವರೆಗೆ ನಡೆದ 10 ಪ್ರಯೋಗಗಳ 4,756 ಹೆಣ್ಮಕ್ಕಳ ಲೆಕ್ಕವನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ್ದಾರೆ. ಕಿಮೋ ಮೊದಲು ಕೊಟ್ಟರೂ ನಂತರ ಕೊಟ್ಟರೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮೊದಲು ಕೊಟ್ಟವರಲ್ಲಿ 100ಕ್ಕೆ 65 ಮಂದಿಗೆ ಸ್ತನ ಉಳಿಸುವ ಆಪರೇಷನ್ ಸಾಧ್ಯವಾಯಿತು, ನಂತರ ಕೊಟ್ಟವರಲ್ಲಿ 49. ಇನ್ನೊಂದು ಬಾಜೂನೂ ಹೇಳಬೇಕು: 15 ವರ್ಷದೊಳಗ ಅದೇ ಜಾಗದಲ್ಲಿ ಮತ್ತೆ ಗಂಟು ಬಂದದ್ದು ಮೊದಲು ಕೊಟ್ಟವರಲ್ಲಿ 100ಕ್ಕೆ ಸುಮಾರು 21, ನಂತರ ಕೊಟ್ಟವರಲ್ಲಿ 16.

ಹಂಗಾರ ಮೊದಲು ಯಾಕ ಕೊಡ್ತಾರ? ಗಂಟು ದೊಡ್ಡದಿದ್ರ, ಕಂಕುಳಕ್ಕ ಹಬ್ಬಿದ್ರ, ಇಲ್ಲಾ ಹರ್2 ಪಾಸಿಟಿವ್, ಟ್ರಿಪಲ್ ನೆಗೆಟಿವ್ ಥರದ್ದಿದ್ರ ಕಿಮೋ ಮೊದಲು ಕೊಡೋದು ಹೆಚ್ಚು. ಗಂಟು ಕರಗಿದ್ರ ಔಷಧ ಹತ್ತೈತಿ ಅಂತ ಕಣ್ಣಿಗೇ ಕಾಣ್ತೈತಿ. ಕರಗದೇ ಉಳಿದಿದ್ರ, ಆಪರೇಷನ್ ಆದಮ್ಯಾಲೆ ಬ್ಯಾರೆ ಔಷಧ ಕೊಡಾಕ ದಾರಿ ಸಿಗ್ತದ. ಗಂಟು ಮೊದಲೇ ತೆಗೆದುಬಿಟ್ರ ಈ ಸುಳಿವು ಸಿಗೂದಿಲ್ಲ. ಆದ್ರ ಗಂಟು ಸಣ್ಣದಿದ್ದು, ಹಾರ್ಮೋನ್ ಮ್ಯಾಲೆ ಬೆಳೆಯೋ ಥರದ್ದಿದ್ರ ಸಾಮಾನ್ಯವಾಗಿ ಆಪರೇಷನ್ನೇ ಮೊದಲು; ಅವರಲ್ಲಿ ಕೆಲವರಿಗೆ ಕಿಮೋ ಬೇಕಾಗೂದೇ ಇಲ್ಲ.

ಅಂದ್ರ "ಮೊದಲು ಕಿಮೋ" ಅನ್ನೋದು "ಕೈ ಮೀರೈತಿ" ಅನ್ನೋ ಮಾತಲ್ಲ. ಯಾವುದು ಮೊದಲು ಅಂತ ರಿಪೋರ್ಟ್ ನೋಡಿದ ಡಾಕ್ಟರ್, ಮೈ ಯಾರದ್ದೋ ಆ ಹೆಣ್ಮಗಳು ಕೂಡಿ ತೀರ್ಮಾನ ಮಾಡಬೇಕು. ಕಾಕಾ, ಮಾವ, ಬಾಜೂ ಮನಿಯವರು ಓಟ್ ಹಾಕೋ ವಿಷಯ ಅಲ್ಲ ಇದು.

ಊರು ದೂರ ಅನ್ನೋ ನೆಪನೂ ಈಗ ಕಮ್ಮಿ. ಖಾನಾಪುರದಿಂದ ಬೆಳಗಾವಿ ಸುಮಾರು 25 ಕಿ.ಮೀ. 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಬೆಳಗಾವಿಯ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟಿಸಿದ್ರು. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಾಗ ವರ್ಷಕ್ಕ 5 ಲಕ್ಷದವರೆಗೆ ನೆರವು ಐತಿ. ನಮಗ ಮೂರು ವಾರ ತಡ ಆಗಿದ್ದು ರಸ್ತೆಯಿಂದಲ್ಲ, ನಮ್ಮ ಪಡಸಾಲಿಯಿಂದ.

ನಿಮ್ಮನ್ಯಾಗ ಇಂಥಾದ್ದು ಬಂದ್ರ ವಾದ ಮಾಡಬ್ಯಾಡ್ರಿ, ಜೋಡಿ ಹೋಗಿ ಕೇಳ್ರಿ: ಇದು ಯಾವ ಥರದ್ದು? ಇವರಿಗೆ ಇದೇ ಮೊದಲು ಯಾಕ? ಔಷಧ ಹತ್ತದಿದ್ರ ಮುಂದೇನು? ಸಂಶಯ ಉಳಿದ್ರ ಇನ್ನೊಬ್ಬ ಡಾಕ್ಟರ್‌ನ ಕೇಳ್ರಿ, ಆದ್ರ ಲಗೂನ ಕೇಳ್ರಿ.

ಮೊನ್ನೆ ಕಾಕೂನ 3ನೇ ಡೋಸ್ ಆತು. ಗಂಟು ಸಣ್ಣದಾಗೈತಿ ಅಂದಾರ. ಮುಂದಿಂದು ನೋಡಬೇಕು. ಈಗ ಚಹಾ ನಾವು ಮಾಡ್ತೀವಿ.

#ಮನಿಮಾತು #ಖಾನಾಪುರ #ಬೆಳಗಾವಿ #ಸ್ತನಕ್ಯಾನ್ಸರ್