ಮಳೆ ಮುಟ್ಟದ ಗೋಡೆಯೂ ಬೆವರುತ್ತದೆ

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಉಕ್ಕಿನ ಚೌಕಟ್ಟು ನಿಲ್ಲಿಸಿ ಅದಕ್ಕೆ ಹಲಗೆ ಹೊದಿಸಿ ಕಟ್ಟುವ ಕಾಟೇಜುಗಳು, ಹೋಂಸ್ಟೇ ಕೊಠಡಿಗಳು, ತಾರಸಿಯ ಮೇಲಿನ ಹೆಚ್ಚುವರಿ ಮನೆಗಳು ಈಗ ಅಪರೂಪವಲ್ಲ. ಕೆಲಸ ಬೇಗ ಮುಗಿಯುತ್ತದೆ, ಭಾರ ಕಡಿಮೆ, ಮರಳು–ಜಲ್ಲಿಯ ತಾಪತ್ರಯವಿಲ್ಲ. ಈ ಬಗೆಯ ಕಟ್ಟಡದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಹೊರಗೋಡೆಗೆ ಯಾವ ಹಲಗೆ ಹೊಡೆಯುತ್ತಾರೆ ಎಂಬುದನ್ನು ಕಟ್ಟಿಸುವವರು ವಿಚಾರಿಸುವುದು ಕಡಿಮೆ. ಫೈಬರ್ ಸಿಮೆಂಟ್ ಬೋರ್ಡಿನ ಪಕ್ಕದಲ್ಲೇ ಎಂಜಿಒ ಬೋರ್ಡ್, ಅಂದರೆ ಮೆಗ್ನೀಷಿಯಂ ಆಕ್ಸೈಡ್ ಹಲಗೆ, ಮಾರುಕಟ್ಟೆಯಲ್ಲಿದೆ. ಬೆಂಕಿ ಹಿಡಿಯದು, ಗೆದ್ದಲು ತಿನ್ನದು, ಬೂಷ್ಟು ಕಟ್ಟದು, ನೀರಿಗೆ ಜಗ್ಗದು ಎಂದು ಹೇಳಿ ಮಾರುತ್ತಾರೆ. ಮೊದಲಿನ ಎರಡು ಮಾತು ನಿಜ. ಕೊನೆಯ ಮಾತನ್ನು ನಂಬಿ ಮನೆ ಕಟ್ಟಿದ ಒಂದು ದೇಶ ದೊಡ್ಡ ದಂಡ ತೆತ್ತಿದೆ. ಅದೇ ಪಾಠವನ್ನು ನಾವು ನಮ್ಮ ಖರ್ಚಿನಲ್ಲಿ ಮತ್ತೊಮ್ಮೆ ಕಲಿಯಬೇಕಾಗಿಲ್ಲ.

ಆ ದೇಶ ಡೆನ್ಮಾರ್ಕ್. 2010ರ ಸುಮಾರಿನಿಂದ ಅಲ್ಲಿ ಹಳೆಯ ವಸತಿ ಸಮುಚ್ಚಯಗಳನ್ನು ನವೀಕರಿಸುವಾಗ ಹೊರಗೋಡೆಗೆ ಈ ಹಲಗೆಗಳನ್ನು ಧಾರಾಳವಾಗಿ ಬಳಸಿದರು. ಬಹುಪಾಲು ಚೀನಾದಿಂದ ಬಂದ ಸರಕು. ಹಲಗೆಯ ಮುಂದೆ ಗಾಳಿಯಾಡಲು ಒಂದಿಷ್ಟು ಜಾಗ, ಅದರಾಚೆ ಮಳೆ ತಡೆಯುವ ಹೊರ ಹೊದಿಕೆ. ಅಂದರೆ ಹಲಗೆಗೆ ಮಳೆಯ ಹನಿ ನೇರವಾಗಿ ತಾಗುವ ಸಂಭವವೇ ಕಡಿಮೆ. ಆದರೂ ಕೆಲವೇ ವರ್ಷಗಳಲ್ಲಿ ಹೊದಿಕೆ ಬಿಚ್ಚಿ ನೋಡಿದಾಗ ಹಲಗೆಗಳ ಮೈಮೇಲೆ ಹನಿಗಳು ನಿಂತಿದ್ದವು, ಕೆಳಗೆ ಇಳಿಯುತ್ತಿದ್ದವು. ಅದು ಉಪ್ಪುನೀರು. ಹನಿ ಬಿದ್ದಲ್ಲೆಲ್ಲ ಸ್ಕ್ರೂ, ಕ್ಲಾಂಪು, ಸತು ಲೇಪಿಸಿದ ಉಕ್ಕು ತುಕ್ಕು ಹಿಡಿದಿತ್ತು. ಪಕ್ಕದ ಮರದ ಪಟ್ಟಿಗಳು ನೆನೆದು ಬೂಷ್ಟು ಬಂದಿತ್ತು. ಸಾರ್ವಜನಿಕ ವಸತಿಯ ಕಟ್ಟಡ ದೋಷಗಳನ್ನು ನೋಡಿಕೊಳ್ಳುವ ಅಲ್ಲಿನ ನಿಧಿ, ಬುಗ್ಗೆಸ್ಕಾಡೆಫೊಂಡೆನ್, 2015ರಲ್ಲಿ ಈ ಹಲಗೆಗಳ ವಿರುದ್ಧ ಎಚ್ಚರಿಕೆ ಕೊಟ್ಟಿತು. ಅಷ್ಟು ಹೊತ್ತಿಗೆ ಸಾವಿರಾರು ಮನೆಗಳ ಗೋಡೆಯೊಳಗೆ ಅವು ಸೇರಿಕೊಂಡಿದ್ದವು. ಕಿತ್ತು ಹೊಸದಾಗಿ ಹೊದಿಸುವುದಲ್ಲದೆ ದಾರಿ ಇರಲಿಲ್ಲ. ಹಣ ಯಾರು ಕೊಡಬೇಕು, ಸರಬರಾಜುದಾರನೋ, ಗುತ್ತಿಗೆದಾರನೋ, ಸಲಹೆ ಕೊಟ್ಟ ಎಂಜಿನಿಯರೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು.

ಇದಕ್ಕೆ ಕಾರಣ ಹಲಗೆಯ ಹುಟ್ಟಿನಲ್ಲೇ ಇದೆ. ಮ್ಯಾಗ್ನೆಸೈಟ್ ಅದಿರನ್ನು ಸುಟ್ಟು ಮೆಗ್ನೀಷಿಯಂ ಆಕ್ಸೈಡಿನ ಪುಡಿ ಮಾಡುತ್ತಾರೆ. ಪುಡಿ ಬರೀ ನೀರಿನಲ್ಲಿ ಗಟ್ಟಿಯಾದ ಹಲಗೆಯಾಗುವುದಿಲ್ಲ. ಸಾಮಾನ್ಯವಾಗಿ ಅದಕ್ಕೆ ಮೆಗ್ನೀಷಿಯಂ ಕ್ಲೋರೈಡ್ ಎಂಬ ಲವಣದ ದ್ರಾವಣ ಬೆರೆಸುತ್ತಾರೆ. ಎರಡೂ ಸೇರಿ ಕಲ್ಲಿನಂತೆ ಗಟ್ಟಿಯಾಗುವ ಈ ಸಿಮೆಂಟನ್ನು ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1867ರಲ್ಲಿ ಲೋಕಕ್ಕೆ ತಿಳಿಸಿದ. ಬೆಂಕಿ ತಗುಲಿದಾಗ ಅದರ ಹರಳುಗಳೊಳಗಿನ ನೀರು ಆವಿಯಾಗಿ ಶಾಖವನ್ನು ಹೀರುತ್ತದೆ, ಹಾಗಾಗಿ ಬೆಂಕಿಯ ಪರೀಕ್ಷೆಯಲ್ಲಿ ಹಲಗೆ ಚೆನ್ನಾಗಿ ತೇರ್ಗಡೆಯಾಗುತ್ತದೆ. ಆದರೆ ತೇವಕ್ಕೆ ಸಿಕ್ಕಾಗ ಅದೇ ಹರಳುಗಳು ನಿಧಾನವಾಗಿ ಒಡೆದು ಕ್ಲೋರೈಡನ್ನು ಬಿಟ್ಟುಕೊಡುತ್ತವೆ. ಕಾರ್ಖಾನೆಯಲ್ಲಿ ಬೆರೆಸುವ ಅಳತೆ ತಪ್ಪಿದ್ದರೆ ಪ್ರತಿಕ್ರಿಯೆಗೆ ಸಿಗದ ಲವಣ ಮೊದಲಿನಿಂದಲೇ ಹಲಗೆಯೊಳಗೆ ಉಳಿದಿರುತ್ತದೆ.

ಮಳೆಗಾಲದಲ್ಲಿ ಭರಣಿಯ ಕಲ್ಲುಪ್ಪು ನೀರಾಗುವುದನ್ನು ನಮ್ಮ ಅಡುಗೆಮನೆಗಳು ಬಲ್ಲವು. ಉಪ್ಪನ್ನು ಹಾಗೆ ಬೆವರಿಸುವುದರಲ್ಲಿ ಅದರ ಜೊತೆ ಸಮುದ್ರದಿಂದ ಬಂದ ಮೆಗ್ನೀಷಿಯಂ ಕ್ಲೋರೈಡಿನ ಪಾಲು ದೊಡ್ಡದು. ಗಾಳಿಯ ಆರ್ದ್ರತೆ ಶೇ 33 ದಾಟಿದರೆ ಸಾಕು, ಈ ಲವಣ ನೀರನ್ನು ಎಳೆದುಕೊಳ್ಳಲು ಶುರುಮಾಡುತ್ತದೆ. ಹಲಗೆಯ ರಂಧ್ರಗಳು ಒಂದಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಅವು ತುಂಬಿದ ಮೇಲೆ ಹೊರಗೆ ಹನಿಯುತ್ತದೆ. ಡೆನ್ಮಾರ್ಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಆ ಹಲಗೆಗಳನ್ನು ಪರೀಕ್ಷಿಸಿದಾಗ, ಆರ್ದ್ರತೆ ಸುಮಾರು ಶೇ 84ಕ್ಕಿಂತ ಮೇಲೆ ಬಹುಕಾಲ ನಿಂತರೆ ಅವು ಹನಿಯುತ್ತವೆ ಎಂದು ಕಂಡುಕೊಂಡರು. ಡೆನ್ಮಾರ್ಕ್‌ನ ಚಳಿಗಾಲ ಈ ಗೆರೆಯನ್ನು ತಿಂಗಳುಗಟ್ಟಲೆ ದಾಟುತ್ತದೆ.

ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯೂ ಈ ಗೆರೆಯ ಆಸುಪಾಸಿನಲ್ಲೋ ಮೇಲೋ ಇರುತ್ತದೆ. ಆಗುಂಬೆ, ಮಡಿಕೇರಿಗಳ ಮಾತು ಬೇರೆ ಹೇಳಬೇಕಾಗಿಲ್ಲ. ಇಷ್ಟಲ್ಲದೆ ನಮ್ಮಲ್ಲಿ ಡೆನ್ಮಾರ್ಕ್‌ಗಿಲ್ಲದ ಇನ್ನೊಂದು ತೊಡಕಿದೆ. ಕರಾವಳಿಯ ಕಾಟೇಜಿನಲ್ಲಿ ರಾತ್ರಿಯಿಡೀ ಎಸಿ ಓಡುತ್ತದೆ. ಹೊರಗಿನ ಬಿಸಿ ಹಸಿಗಾಳಿ ಗೋಡೆಯ ಪದರಗಳೊಳಗೆ ನುಸುಳಿ ತಂಪಾದಂತೆ ಅದರ ಆರ್ದ್ರತೆ ಏರುತ್ತದೆ. ಹಾಗಾಗಿ ಒಂದು ಹನಿ ಮಳೆಯಿಲ್ಲದ ಏಪ್ರಿಲ್ ತಿಂಗಳಲ್ಲೂ ಗೋಡೆಯ ಒಳಗು ಮಳೆಗಾಲದ ಸ್ಥಿತಿಗೆ ಹೋಗಬಲ್ಲದು. ಹಲಗೆಯ ಹಿಂದೆ ಇರುವುದು ತೆಳ್ಳಗಿನ ಜಿಐ ಚಾನೆಲ್. ಇಡೀ ಕಟ್ಟಡ ನಿಂತಿರುವುದು ಅದರ ಮೇಲೆ. ಅದರ ಸತುವಿನ ಲೇಪವನ್ನು ಕ್ಲೋರೈಡ್ ತಿಂದುಹಾಕುತ್ತಿದ್ದರೆ ಮನೆಯವರಿಗೆ ಕಾಣುವುದು ಹೊಸ ಬಣ್ಣ ಬಳಿದ ಗೋಡೆ ಮಾತ್ರ. ನಮ್ಮ ಆತಂಕವೆಲ್ಲ ಇಲ್ಲಿದೆ: ಸೋರುವ ಸೂರು ಕೂಗಿ ಹೇಳುತ್ತದೆ, ಈ ತುಕ್ಕು ಹೇಳುವುದಿಲ್ಲ.

ಮಾರುವವರು ತೋರಿಸುವ ಪ್ರಮಾಣಪತ್ರಗಳನ್ನು ಬಿಡಿಸಿ ಓದಬೇಕು. ಬೆಂಕಿಯ ವರದಿ ಬೆಂಕಿಯ ವಿಷಯ ಮಾತ್ರ ಹೇಳುತ್ತದೆ. ಬಕೆಟ್ ನೀರಿನಲ್ಲಿ ಒಂದು ದಿನ ಮುಳುಗಿಸಿಟ್ಟರೂ ಹಲಗೆ ಉಬ್ಬಲಿಲ್ಲ ಎಂಬುದು ನಿಜವಿರಬಹುದು, ಆದರೆ ಬಕೆಟ್ಟಿನ ನೀರು ಲವಣವನ್ನು ತೊಳೆದುಬಿಡುತ್ತದೆ. ಹಲಗೆಯನ್ನು ಕೆಡಿಸುವುದು ವಾರಗಟ್ಟಲೆ ಕದಲದೆ ನಿಂತ ಹಸಿಗಾಳಿ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಇದು ಕ್ಲೋರೈಡ್ ಬಳಸಿದ ಹಲಗೆಯೋ, ಸಲ್ಫೇಟ್ ಬಳಸಿದ್ದೋ? ಮೆಗ್ನೀಷಿಯಂ ಸಲ್ಫೇಟಿನಿಂದ ಮಾಡಿದ ಹಲಗೆ ಉಕ್ಕಿನ ಮಟ್ಟಿಗೆ ಎಷ್ಟೋ ಸೌಮ್ಯ. ಆದರೆ ಹಲಗೆಯ ಮೇಲಿನ ಮುದ್ರೆ ನೋಡಿ ಒಪ್ಪಿಬಿಡಬಾರದು. ನೀರಿನಲ್ಲಿ ಕರಗುವ ಕ್ಲೋರೈಡ್ ಎಷ್ಟಿದೆ ಎಂಬ ಪ್ರಯೋಗಾಲಯದ ವರದಿ, ಶೇ 90ಕ್ಕೂ ಮೇಲಿನ ಆರ್ದ್ರತೆಯಲ್ಲಿ ವಾರಗಟ್ಟಲೆ ಇಟ್ಟ ನಂತರ ಹಲಗೆಯ ಬಾಗುಬಲ ಎಷ್ಟು ಉಳಿಯಿತು ಎಂಬ ವರದಿ, ಎರಡನ್ನೂ ಕೇಳಬೇಕು. ಕೊಡಲಾಗದವನ ಸರಕು ಒಳಗಿನ ಒಣ ಪಾರ್ಟಿಷನ್ನಿಗೆ ಆದೀತು, ಹೊರಗೋಡೆಗೆ ಬೇಡ. ಸ್ಟೇನ್‌ಲೆಸ್ ಸ್ಕ್ರೂ ಹಾಕಿಕೊಡುತ್ತೇವೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಸ್ಕ್ರೂ ಉಳಿಯುತ್ತದೆ, ಅದು ಹಿಡಿದಿರುವ ಚಾನೆಲ್ಲಿನ ಗತಿ?

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಲ್ಯಾಬ್ ದರ್ಜೆಯ ಪೊಟ್ಯಾಶಿಯಂ ಸಲ್ಫೇಟನ್ನು ನೀರಿನಲ್ಲಿ ಕಲಸಿ, ಕರಗದ ಪುಡಿ ಇನ್ನೂ ಉಳಿದಿರುವಂತೆ ಇಡಿ. ಮುಚ್ಚಿದ ಡಬ್ಬಿಯ ಆರ್ದ್ರತೆ ಸುಮಾರು ಶೇ 97ರಲ್ಲಿ ನಿಲ್ಲುತ್ತದೆ. ದ್ರಾವಣಕ್ಕೆ ತಾಗದಂತೆ ಒಂದು ಸಣ್ಣ ಜಾಲರಿಯ ಮೇಲೆ ಹಲಗೆಯ ತುಂಡು, ಅದಕ್ಕೆ ತಿರುಗಿಸಿದ ಎರಡು ಹೊಸ ಜಿಐ ಸ್ಕ್ರೂ, ಪಕ್ಕದಲ್ಲಿ ಒಂದು ಗಾಜಿನ ಚೂರು ಇಟ್ಟು, ಬಿಸಿಲು ಬೀಳದ ಮೂಲೆಯಲ್ಲಿ ನಾಲ್ಕು ವಾರ ಬಿಡಿ. ಗಾಜು ಒಣಗಿದ್ದು ಹಲಗೆ ಹನಿಯೊಡೆದಿದ್ದರೆ, ಆ ನೀರನ್ನು ಎಳೆದುಕೊಂಡದ್ದು ಹಲಗೆಯೇ. ಸ್ಕ್ರೂವಿನ ಸುತ್ತ ಬಿಳಿ ಪುಡಿಯೋ ಕಂದು ಕಲೆಯೋ ಕಂಡರೆ ಆ ಸರಕನ್ನು ವಾಪಸು ಕಳಿಸಿ. ಇಡೀ ಲಾಟ್ ಇಳಿಸಿಕೊಳ್ಳುವ ಮೊದಲೇ ಇದನ್ನು ಮಾಡಬೇಕು. ಪ್ರಯೋಗಾಲಯದ ವರದಿಗೆ ಇದು ಬದಲಿಯಲ್ಲ, ಕೆಟ್ಟ ಸರಕನ್ನು ಬಾಗಿಲಲ್ಲೇ ತಡೆಯುವ ಜರಡಿ.

ಫೈಬರ್ ಸಿಮೆಂಟ್ ಹಲಗೆಗೆ ಐಎಸ್ 14862 ಎಂಬ ಭಾರತೀಯ ಮಾನಕವಿದೆ. ಬಿಸಿಲು ಮಳೆಗೆ ಒಡ್ಡುವ ಹಲಗೆ ಯಾವುದು, ಒಳಗಿನ ಬಳಕೆಗೆ ಯಾವುದು ಎಂದು ಅದು ಬೇರೆ ಬೇರೆ ದರ್ಜೆ ಮಾಡುತ್ತದೆ. ಸೊರೆಲ್ ಸಿಮೆಂಟಿನ ನೆಲಹಾಸಿಗೂ ಐಎಸ್ 658 ಎಂಬ ಹಳೆಯ ಸಂಹಿತೆ ಇದೆ, ಆದರೆ ಅದು ನೆಲಕ್ಕೆ ಸಂಬಂಧಿಸಿದ್ದು. ಅದರ ಹೆಸರು ಹೇಳಿ ಗೋಡೆಗೆ ಹಲಗೆ ಮಾರುವಂತಿಲ್ಲ. ಲೋಕೋಪಯೋಗಿ ಇಲಾಖೆ, ನಿರ್ಮಿತಿ ಕೇಂದ್ರಗಳು, ಪ್ರವಾಸೋದ್ಯಮ ಇಲಾಖೆ ತಮ್ಮ ಟೆಂಡರುಗಳಲ್ಲಿ ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳ ಮಟ್ಟಿಗಾದರೂ ಒಂದು ವಾಕ್ಯ ಸೇರಿಸಲಿ: ಕ್ಲೋರೈಡ್ ಬಳಸಿದ ಮೆಗ್ನೀಷಿಯಂ ಹಲಗೆಯನ್ನು ಹೊರಗೋಡೆಗೆ, ಉಕ್ಕಿನ ಚೌಕಟ್ಟಿಗೆ ಬಳಸತಕ್ಕದ್ದಲ್ಲ. ದಂಡ, ಪರಿಹಾರ, ವ್ಯಾಜ್ಯ ಯಾವುದೂ ಈ ಒಂದು ವಾಕ್ಯದಷ್ಟು ಅಗ್ಗವಾಗಿ ಸಿಗುವುದಿಲ್ಲ.

ಈಗಾಗಲೇ ಈ ಹಲಗೆ ಹೊಡೆಸಿಕೊಂಡವರು ಬೇಸಿಗೆಯಲ್ಲಿ ನೋಡಿ ಸಮಾಧಾನಪಟ್ಟುಕೊಳ್ಳಬಾರದು. ಆಷಾಢ–ಶ್ರಾವಣದಲ್ಲಿ, ಜಡಿಮಳೆ ವಾರ ಹಿಡಿದ ಮೇಲೆ, ಸ್ನಾನದ ಮನೆಯಿಂದ ದೂರದ ಒಂದು ಗೋಡೆಯನ್ನು ಆರಿಸಿ, ಕೆಳಗಿನ ಸಾಲಿನ ಹೊರ ಹೊದಿಕೆಯ ಒಂದು ತುಂಡನ್ನು ಮೇಸ್ತ್ರಿಯಿಂದ ಬಿಚ್ಚಿಸಿ. ಹಲಗೆಯ ಕೆಳ ಅಂಚನ್ನು ಕೈಯಿಂದ ಮುಟ್ಟಿ ನೋಡಿ, ಒಂದು ಸ್ಕ್ರೂ ಪೂರ್ತಿ ಹೊರಗೆ ತೆಗೆಸಿ ಅದರ ಸುರುಳಿ ಎಳೆಗಳನ್ನು ನೋಡಿ, ಕೆಳಗಿನ ಚಾನೆಲ್ಲಿನ ಒಳಮೂಲೆಗೆ ಟಾರ್ಚ್ ಹಿಡಿಯಿರಿ. ಅಲ್ಲಿ ತೇವವೋ ತುಕ್ಕೋ ಇದ್ದರೆ ಫೋಟೊ ತೆಗೆದು, ತಾರೀಕು ಬರೆದಿಟ್ಟುಕೊಂಡು, ಆ ಮಳೆಗಾಲ ಮುಗಿಯುವ ಮೊದಲೇ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.