ಚೋಮನೂ ಮನ್ವೇಲನೂ

ನೆರೆಯ ದೊಡ್ಡಗಾಜನೂರಿನಲ್ಲಿ ಹುಟ್ಟಿದ ಡಾ. ರಾಜಕುಮಾರ್ ಅವರ ಸಂಭಾಷಣೆಗಳನ್ನು ಬಾಯಿಪಾಠ ಒಪ್ಪಿಸುವವರು ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಮನೆಗೊಬ್ಬರಿದ್ದಾರೆ. ಆದರೆ ‘ಚೋಮನ ದುಡಿ’ ನೋಡಿರುವಿರಾ ಎಂದರೆ ಯುವಜನರು ಪಠ್ಯಪುಸ್ತಕದ ಹೆಸರು ಕೇಳಿದಂತೆ ತಲೆಯಾಡಿಸುತ್ತಾರೆ. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಚಿತ್ರಕ್ಕೆ ಸ್ವರ್ಣಕಮಲವೂ, ಚೋಮನ ಪಾತ್ರ ವಹಿಸಿದ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ದೊರೆತವು. ಪ್ರಶಸ್ತಿ ಪಡೆದ ಚಿತ್ರಗಳಿಗೆ ದೂರದಿಂದಲೇ ಕೈಮುಗಿಯುವುದು ನಮ್ಮಲ್ಲಿ ರೂಢಿ.

ತುಳುನಾಡಿನ ಚೋಮನಿಗೆ ಜೋಡೆತ್ತುಗಳಿವೆ, ಉಳಲು ಭೂಮಿಯಿಲ್ಲ. ಅಸ್ಪೃಶ್ಯನಿಗೆ ಬೇಸಾಯ ಸಲ್ಲದೆಂಬುದು ಊರ ಕಟ್ಟಳೆ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಇಬ್ಬರು ಮಕ್ಕಳಲ್ಲಿ ಒಬ್ಬನು ರೋಗಕ್ಕೆ ಬಲಿಯಾದರೆ, ಇನ್ನೊಬ್ಬನು ಕ್ರೈಸ್ತ ಹುಡುಗಿಯನ್ನು ವರಿಸಿ ಅಲ್ಲೇ ಉಳಿಯುತ್ತಾನೆ. ಕೊನೆಗೆ ಸಾಲ ತೀರುವುದು ಮಗಳು ಬೆಳ್ಳಿಯ ಮಾನದ ಬೆಲೆಗೆ. ಕಿರಿಯ ಮಗ ನೀರಿನಲ್ಲಿ ಮುಳುಗುತ್ತಿರುವಾಗ, ಮೈಲಿಗೆಗೆ ಅಂಜಿ ಯಾರೂ ಕೈನೀಡುವುದಿಲ್ಲ.

ಕ್ರೈಸ್ತರಾದ ನಾವು ಈ ಚಿತ್ರವನ್ನು ನೋಡಬೇಕೆನ್ನಲು ಬೇರೆಯೇ ಕಾರಣವಿದೆ. ಬೆಳ್ಳಿಯನ್ನು ಮರುಳುಗೊಳಿಸುವ ತೋಟದ ರೈಟರ್ ಮನ್ವೇಲ ನಮ್ಮವನೇ. ಮತಾಂತರವಾದರೆ ಭೂಮಿ ದಕ್ಕೀತೆಂದು ಹೊರಟ ಚೋಮ, ತನ್ನ ದೈವ ಪಂಜುರ್ಲಿಯನ್ನು ತೊರೆಯಲಾರದೆ ಹಿಂತಿರುಗುತ್ತಾನೆ. ಗುಡಿಸಲಿನಲ್ಲಿ ಮಗಳೊಡನೆ ಕಾಣುವವನು ಅದೇ ಮನ್ವೇಲ! ಇದು ನಮ್ಮ ಸಮುದಾಯಕ್ಕೆ ಮಾಡಿದ ಅವಮಾನವೆಂದು ಮುಖ ಸಿಂಡರಿಸುವವರುಂಟು. ನಮಗೆ ಹಾಗೆನಿಸದು. ಭೂಮಿ ಬೇಡಿ ಬಂದವನಿಗೆ ಮೊದಲು ಎದುರಾದ ಕ್ರೈಸ್ತನು ಕೂಲಿಯ ಲೆಕ್ಕ ಬರೆಯುವವನಾಗಿದ್ದನೆಂಬ ಮಾತನ್ನು ನಾವು ನುಂಗಿಕೊಳ್ಳಲೇಬೇಕು.

1974ರ ಭೂಸುಧಾರಣೆ ಗೇಣಿದಾರನಿಗೆ ಹಕ್ಕು ಕೊಟ್ಟಿತು. ಚೋಮನಂಥವನು ಗೇಣಿದಾರನೂ ಆಗಿರಲಿಲ್ಲ. ಚಿತ್ರ ಬಂದ ವರ್ಷವೇ, ಅಕ್ಟೋಬರಿನಲ್ಲಿ, ಜೀತ ರದ್ದತಿಯ ಸುಗ್ರೀವಾಜ್ಞೆ ಹೊರಟು 1976ರಲ್ಲಿ ಕಾಯಿದೆಯಾಯಿತು. ಅದರಂತೆ ಜೀತದ ಸಾಲವನ್ನು ತೀರಿಸಬೇಕಾದ ಹೊಣೆಯೇ ಇಲ್ಲ. ಗುಂಡ್ಲುಪೇಟೆಯ ಕಡೆಯಿಂದ ಇಂದಿಗೂ ಕೂಲಿಯವರು ವಯನಾಡು, ಕೊಡಗುಗಳ ತೋಟಗಳಿಗೆ ಹೋಗುತ್ತಾರೆ. ಅವರಲ್ಲಿ ಎಷ್ಟು ಮಂದಿ ಮುಂಗಡ ಪಡೆದು ಹೋದವರು, ಆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಎಂದು ನಾವೆಂದಾದರೂ ವಿಚಾರಿಸಿದ್ದೇವೆಯೇ?

ಬರುವ ತಪಸ್ಸುಕಾಲದ ಒಂದು ಸಂಜೆ ನಮ್ಮ ಚರ್ಚುಗಳ ಸಭಾಂಗಣಗಳಲ್ಲಿ ಈ ಚಿತ್ರ ಪ್ರದರ್ಶನಗೊಳ್ಳಲಿ. ತೋಟದ ಕೆಲಸಕ್ಕೆ ಹೋಗಿಬಂದವರನ್ನು, ಅವರು ಯಾವ ಮತದವರೇ ಆಗಿರಲಿ, ಆಹ್ವಾನಿಸೋಣ. ಚಿತ್ರ ಮುಗಿದ ಮೇಲೆ ಮೊದಲು ಅವರೇ ಮಾತನಾಡಲಿ. ಧರ್ಮಗುರುಗಳೂ ನಾವೂ ಆಮೇಲೆ.