ಎರಡೇ ಪ್ರಶ್ನೆ ಸಾಕು!

ಮೊನ್ನೆ ತಗಡೂರಿಗೆ ಹೋದಾಗ ಒಂಬತ್ತನೇ ಕ್ಲಾಸಿನ ಅಕ್ಕನ ಮಗಳು ಸ್ನಾಯು ಅಂಗಾಂಶಗಳ ವ್ಯತ್ಯಾಸ ಉರು ಹೊಡೀತಿದ್ದಳು. "ಐಚ್ಛಿಕ, ಅನೈಚ್ಛಿಕ..." ಚಿತ್ರ ತೋರಿಸಿ ಇದ್ಯಾವ್ದು ಅಂದ್ರೆ ಬೆಪ್ಪಾದಳು. ತಪ್ಪು ಅವಳದಲ್ಲ ಬಿಡಿ. ಸ್ನಾಯು ನಮ್ಮ ಮಾತು ಕೇಳುತ್ತೋ ಇಲ್ವೋ ಅನ್ನೋದು ಸೂಕ್ಷ್ಮದರ್ಶಕದಲ್ಲಿ ಕಾಣಲ್ವಲ್ಲ?

ಕಾಣೋದನ್ನೇ ಕೇಳಬೇಕು. ಅಡ್ಡಪಟ್ಟೆ ಇದೆಯಾ? ಇಲ್ಲದೆ, ಕೋಶ ಕದಿರಿನ ಹಾಗಿದ್ದು ನಡುವೆ ಒಂದೇ ಕೋಶಕೇಂದ್ರ ಇದ್ದರೆ ಕರುಳಿನಲ್ಲಿರೋ ನಯ ಸ್ನಾಯು. ಪಟ್ಟೆ ಇದ್ದರೆ, ಕವಲಿದೆಯಾ? ಇದ್ದರೆ ಹೃದಯ ಸ್ನಾಯು. ಕವಲಿಲ್ಲದೆ ನೀಳವಾಗಿದ್ದು, ಅಂಚಲ್ಲಿ ಹಲವು ಕೋಶಕೇಂದ್ರ ಇದ್ದರೆ ರಾಟೆ ತಿರುಗಿಸೋ ತೋಳಿನ ಅಸ್ಥಿ ಸ್ನಾಯು. ತಗಡೂರು ರಾಮಚಂದ್ರರಾಯರ ಖಾದಿಯ ಊರಲ್ವೇ, 'ಕದಿರು' ಅಂದ ತಕ್ಷಣ ಅವಳಿಗೆ ಹೊಳೀತು :)

ಉರು ಹೊಡೆಯೋದು ಆಮೇಲಿರಲಿ, ಮೊದಲು ನೋಡೋದು ಕಲಿಸೋಣ. ನೀವೇನಂತೀರಿ?